ಲಲಿತಾಜಿಯ ಲೆಕ್ಕ

ನಮ್ಮ ವ್ಯಾಪಾರಸ್ಥ ಬಂಧುಗಳ ಮುಂದೆ ಜಾಹೀರಾತಿನ ಮಾತೆತ್ತಿದರೆ, "ಅದೆಲ್ಲ ದೊಡ್ಡ ಕಂಪನಿಗಳ ಆಟ, ನಮ್ಮ ಕಿರಾಣಿ ಅಂಗಡಿಗೆ ಯಾತಕ್ಕೆ?" ಎನ್ನುತ್ತಾರೆ. ಸೊಲ್ಲಾಪುರವಿರಲಿ, ಜತ್ತವಿರಲಿ, ಇದೇ ಉತ್ತರ. ಆದರೆ ದೊಡ್ಡ ಕಂಪನಿಯೊಂದರ ಹೆಸರಾಂತ ಜಾಹೀರಾತು ಹುಟ್ಟಿದ್ದು ಕಾಯಿಪಲ್ಲೆಯ ಚೌಕಾಶಿಯಿಂದಲೇ. ಆ ಕಥೆಯನ್ನು ವಾಚಕರ ಮುಂದಿಡುತ್ತೇವೆ.

ಗುಜರಾತಿನ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಮನೆಯಲ್ಲಿಯೇ ಬಟ್ಟೆ ಒಗೆಯುವ ಪುಡಿ ತಯಾರಿಸಿ, ಸೈಕಲ್ಲಿನ ಮೇಲೆ ಮನೆಮನೆಗೆ ಒಯ್ದು ಮಾರತೊಡಗಿದರು. ಮಗಳು ನಿರುಪಮಾಳ ಹೆಸರಿನ ಮೇಲೆ ಅದಕ್ಕೆ ನಿರ್ಮಾ ಎಂದು ಹೆಸರಿಟ್ಟರು. ಹಿಂದುಸ್ತಾನ್ ಲಿವರ್ ಕಂಪನಿಯ ಸರ್ಫ್ ಆಗಲೇ ಹತ್ತು ವರ್ಷದಿಂದ ಪೇಟೆಯಲ್ಲಿತ್ತು. ಆದರೆ ಅದು ಉಳ್ಳವರ ಮನೆಯ ಪುಡಿ. ಅದಕ್ಕಿಂತ ಎಷ್ಟೋ ಅಗ್ಗದ ನಿರ್ಮಾ ಬಾರ್ ಸೋಪಿನಿಂದ ತಿಕ್ಕುತ್ತಿದ್ದ ಮನೆಗಳಿಗೂ ಪುಡಿಯ ರೂಢಿ ಹಚ್ಚಿತು. ದೂರದರ್ಶನದಲ್ಲಿ ಬಿಳಿ ಫ್ರಾಕಿನ ಹುಡುಗಿಯ ಹಾಡು ಬಂದ ಮೇಲಂತೂ ಕೇಳುವುದೇ ಬೇಡ. 1980ರ ದಶಕದ ನಡುವಿನ ಹೊತ್ತಿಗೆ ಅದು ಮಾರಾಟದಲ್ಲಿ ಸರ್ಫನ್ನು ಹಿಂದೆ ಹಾಕಿತ್ತು.

ಬೆಲೆ ಇಳಿಸದೆ ಸರ್ಫನ್ನು ಮಾರುವುದು ಹೇಗೆ? ಲಿಂಟಾಸ್ ಸಂಸ್ಥೆಯ ಅಲೀಕ್ ಪದಮ್‌ಸೀಯವರ ಪಾಲಿಗೆ ಬಂದ ಪ್ರಶ್ನೆ ಇದು. ಅವರಿಗೆ ನೆನಪಾದದ್ದು ತಮ್ಮ ತಾಯಿ. ಸ್ಥಿತಿವಂತರ ಮನೆಯಾದರೂ ಆ ತಾಯಿ ಸಂತೆಯಲ್ಲಿ ಪೈಸೆ ಪೈಸೆಗೆ ಚೌಕಾಶಿ ಮಾಡುವವರು, ಒಳ್ಳೆಯ ವಸ್ತು ಕಂಡರೆ ಮಾತ್ರ ಹಣ ತೆಗೆಯಲು ಹಿಂಜರಿಯದವರು. ಹೀಗೆ ಲಲಿತಾಜಿ ಹುಟ್ಟಿದಳು. ಕಾಯಿಪಲ್ಲೆಗೆ ಇಷ್ಟು ಚೌಕಾಶಿ ಮಾಡುವವಳು ದುಬಾರಿ ಸರ್ಫ್ ಏಕೆ ಕೊಳ್ಳುತ್ತೀ ಎಂದು ಕೇಳಿದರೆ, ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ವ್ಯತ್ಯಾಸವಿದೆ ಎಂದು ಅವಳು ಗದರಿಸಿದಂತೆ ಹೇಳುತ್ತಾಳೆ. ಅರ್ಧ ಕಿಲೋ ಸರ್ಫ್ ಸಾಧಾರಣ ಪುಡಿಯ ಒಂದು ಕಿಲೋಗೆ ಸಮ, ಇದು ಅವಳ ಲೆಕ್ಕ. ಆ ಪಾತ್ರ ಮಾಡಿದ ಕವಿತಾ ಚೌಧರಿಯವರು ಮುಂದೆ 1989ರಲ್ಲಿ 'ಉಡಾನ್' ಧಾರಾವಾಹಿಯಿಂದ ಮನೆಮಾತಾದರು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಲಲಿತಾಜಿ ಚೆಲುವಿನಿಂದ ಮಾರಲಿಲ್ಲ, ನಗಲೂ ಇಲ್ಲ. ಅಂಗಡಿಯ ಕಟ್ಟೆಯ ಮುಂದೆ ನಿಂತು, "ಏನ್ರೀ ಸಾವ್ಕಾರ್ರ, ಹೋದ ಸಲದ ಬ್ಯಾಳಿ ಬೇಯಲೇ ಇಲ್ಲ" ಎಂದು ಜಬರಿಸುವ ಅಕ್ಕನವರನ್ನು ನಾವೆಲ್ಲ ಬಲ್ಲೆವು. ಅವಳೇ ಇವಳು. ಅವಳ ಲೆಕ್ಕವನ್ನು ಯಾವ ಗೃಹಿಣಿಯೂ ಒಂದು ತಿಂಗಳು ಬಟ್ಟೆ ಒಗೆದು ತಾಳೆ ನೋಡಬಹುದಿತ್ತು. ಈ ಮಾತು ನಮಗೆ ಎಲ್ಲಕ್ಕಿಂತ ಹಿಡಿಸಿತು. ತೂಕದ ಮೋಸವನ್ನೂ ಕಲಬೆರಕೆಯನ್ನೂ ಅಚೌರ್ಯಾಣುವ್ರತದ ಅತಿಚಾರಗಳೆಂದು ಕಲಿತ ಮನೆತನಗಳು ನಮ್ಮವು. ಜಾಹೀರಾತೆಂದರೆ ಸುಳ್ಳೆಂದು ದೂರ ನಿಂತವರು ಈ ಲೆಕ್ಕವನ್ನು ಗಮನಿಸಬೇಕು.

ಹಾಗೆಂದು ಕಥೆಯೊಂದೇ ಎಲ್ಲವನ್ನೂ ಗೆಲ್ಲಲಿಲ್ಲ. ಲಲಿತಾಜಿಯ ಮಾತಿಗೆ ತಲೆದೂಗಿದವರಲ್ಲೂ ಎಷ್ಟೋ ಜನರ ಕೈಯಲ್ಲಿ ಅರ್ಧ ಕಿಲೋ ಸರ್ಫಿನ ಹಣ ಇರಲಿಲ್ಲ. ನಿರ್ಮಾ ನಡೆದೇ ಇತ್ತು. ಕೊನೆಗೆ ಅದೇ ಕಂಪನಿ 1980ರ ದಶಕದ ಉತ್ತರಾರ್ಧದಲ್ಲಿ ವ್ಹೀಲ್ ಎಂಬ ಅಗ್ಗದ ಪುಡಿ ತರಬೇಕಾಯಿತು. ಉದ್ರಿ ಬರೆದುಕೊಳ್ಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಮಾಸಿಕದ ಜಾಹೀರಾತುಗಳನ್ನೇ ನೋಡಿ. ಮೇಲೆ 'ಶುಭ ಕೋರುವವರು', ಕೆಳಗೆ ಅಂಗಡಿಯ ಹೆಸರು, ಮಾಲೀಕರ ಫೋಟೋ, ಫೋನ್ ನಂಬರು. ಅಂಗಡಿಯಲ್ಲಿ ಏನು ಸಿಗುತ್ತದೆಂಬುದೇ ಎಷ್ಟೋ ಸಲ ಇರುವುದಿಲ್ಲ! ಇದು ಜಾಹೀರಾತಲ್ಲ, ಮಾಸಿಕಕ್ಕೆ ಕೊಟ್ಟ ದಾನ. ದಾನಕ್ಕೆ ಋಣಿಗಳಾಗಿದ್ದೇವೆ. ಆದರೆ ಮೂರು ತಲೆಮಾರಿನಿಂದ ಒಂದೇ ಗಾಣದ ಎಣ್ಣೆ ಮಾರುವವರು, ಹಳೆಯ ಗಿರಾಕಿಯ ಮೊಮ್ಮಗಳ ಮದುವೆಗೂ ಜವಳಿ ಕೊಟ್ಟವರು ನಿಮ್ಮಲ್ಲಿಯೇ ಇದ್ದಾರಲ್ಲ? ದೀಪಾವಳಿ ಸಂಚಿಕೆಗೆ ಜಾಹೀರಾತು ಕಳಿಸುವಾಗ ಫೋಟೋದ ಜಾಗದಲ್ಲಿ ಅಂಥ ನಾಲ್ಕು ಸಾಲು ಬರೆದು ಕಳಿಸಿರಿ. ಬರೆಯಲು ಬೇಸರವಾದರೆ ಮನೆಯ ಹೆಣ್ಣುಮಕ್ಕಳಿಗೆ ಹೇಳಿರಿ; ಗಿರಾಕಿ ಏನು ಕೇಳುತ್ತಾಳೆಂಬುದು ಅವರಿಗೇ ಚೆನ್ನಾಗಿ ಗೊತ್ತು. ದರ ಮೊದಲಿನದೇ.