ಮೂತಿಯ ಗಾಯ, ಸೃಷ್ಟಿಯ ನಿರೀಕ್ಷೆ: ಬನ್ನೇರುಘಟ್ಟದ ಕರಡಿಗಳ ನಡುವೆ ರೋಮನರಿಗೆ 8ರ ಓದು

ಕಲ್ಯಾಣ ನಗರದ ನಮ್ಮ ತರಗತಿಯಲ್ಲಿ ಸೃಷ್ಟಿಯ ದೈವಶಾಸ್ತ್ರವನ್ನು ಬೋಧಿಸುವಾಗ ಪ್ರತಿವರ್ಷವೂ ಒಂದು ಘಟ್ಟದಲ್ಲಿ ಪಾಠ ನಿಂತುಹೋಗುತ್ತದೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ 19ರಿಂದ 23ರವರೆಗಿನ ವಚನಗಳು ಆ ಘಟ್ಟ. ಸೃಷ್ಟಿಯು ತನ್ನ ಇಚ್ಛೆಯಿಂದಲ್ಲದೆ ವ್ಯರ್ಥತೆಗೆ ಒಳಗಾಗಿದೆ, ಪ್ರಸವವೇದನೆಯಲ್ಲಿರುವವಳಂತೆ ನರಳುತ್ತಿದೆ, ದೇವರ ಮಕ್ಕಳ ಮಹಿಮೆಯಲ್ಲಿ ಅದಕ್ಕೂ ಬಿಡುಗಡೆಯ ಪಾಲಿದೆ ಎಂಬುದು ಅಲ್ಲಿನ ಭಾವ. ಈ ವರ್ಷ ಒಬ್ಬ ಬ್ರದರ್ ಎದ್ದು ನಿಂತು, "ಸ್ವಾಮಿ, ನರಳುವುದು ಸೃಷ್ಟಿಯೆಲ್ಲ, ಆದರೆ ಪರೀಕ್ಷೆಯ ಉತ್ತರದಲ್ಲಿ ನಾವು ಬರೆಯುವುದು ಮನುಷ್ಯನ ರಕ್ಷಣೆಯನ್ನು ಮಾತ್ರ. ಹಾಗಾದರೆ ನರಳಿದ ಪ್ರಾಣಿಗೆ ಏನು ದಕ್ಕಿತು?" ಎಂದು ಕೇಳಿದರು. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಮುಂದಿನ ಶನಿವಾರ ತರಗತಿಯನ್ನೇ ವಾಹನಕ್ಕೆ ಹತ್ತಿಸಿ, ಹೊರವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರ, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್ ದಾಟಿ ಬನ್ನೇರುಘಟ್ಟಕ್ಕೆ ಹೊರಟೆವು.

ಬನ್ನೇರುಘಟ್ಟ ಎಂದೊಡನೆ ಹುಲಿ, ಸಿಂಹಗಳ ಸಫಾರಿ ನೆನಪಾಗುವುದು ಸಹಜ. ನಾವು ಹೋದದ್ದು ಕರಡಿಗಳಿಗಾಗಿ. ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಜೊತೆಗೂಡಿ, ಬೀದಿಯಲ್ಲಿ ಕುಣಿಸಲಾಗುತ್ತಿದ್ದ ಕರಡಿಗಳಿಗೆ ಅಲ್ಲಿ ನೆಲೆ ಕಲ್ಪಿಸಿವೆ. ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿಯವರು 1995ರಲ್ಲಿ ಆರಂಭಿಸಿದ ಈ ಸಂಸ್ಥೆ ದೇಶದಾದ್ಯಂತ ಆರುನೂರಕ್ಕೂ ಹೆಚ್ಚು ಕುಣಿಯುವ ಕರಡಿಗಳನ್ನು ಬಿಡಿಸಿತು. ಅವುಗಳಲ್ಲಿ ಕೊನೆಯದೆಂದು ಗುರುತಿಸಲಾದ ರಾಜು ಎಂಬ ಕರಡಿಯ ಹಗ್ಗ ಕತ್ತರಿಸಿದ್ದು 2009ರ ಡಿಸೆಂಬರಿನಲ್ಲಿ, ಇದೇ ಬನ್ನೇರುಘಟ್ಟದಲ್ಲಿ.

ಇಲ್ಲಿ ನಮ್ಮದೇ ಒಂದು ನಿವೇದನೆಯನ್ನು ಮಾಡಿಕೊಳ್ಳದೆ ಮುಂದುವರಿಯುವುದು ಸರಿಯಾಗದು. ಹಲಸೂರಿನಲ್ಲಿ ನಾವು ಬಾಲಕರಾಗಿದ್ದಾಗ ಕರಡಿ ಆಡಿಸುವವರು ಓಣಿಗೆ ಬರುತ್ತಿದ್ದರು. ಡಮರುವಿನ ಸದ್ದು ಕೇಳಿದರೆ ಮಕ್ಕಳೆಲ್ಲ ಬೀದಿಯಲ್ಲಿ. ರಾತ್ರಿ ಬೆಚ್ಚಿಬೀಳುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆಂಬ ನಂಬಿಕೆಯಿತ್ತು. ನಮ್ಮಜ್ಜಿ ನಮ್ಮನ್ನೂ ಕೂರಿಸಿದರು. ಕರಡಿಯ ಎರಡು ಕೂದಲನ್ನು ಸೇರಿಸಿದ ತಾಯತ ಮಾತೆ ಮರಿಯಮ್ಮನವರ ಪದಕದ ಜೊತೆಯಲ್ಲೇ ಅದೇ ದಾರದಲ್ಲಿ ಬಹುಕಾಲ ನಮ್ಮ ಕೊರಳಲ್ಲಿತ್ತು. ಆ ಕರಡಿಯ ಮೂತಿಯಿಂದ ಇಳಿಬಿದ್ದ ಹಗ್ಗವನ್ನು ನಾವು ನೋಡಿರಲಿಲ್ಲವೆಂದಲ್ಲ. ನೋಡಿದ್ದೆವು, ಎತ್ತಿಗೆ ಮೂಗುದಾರವಿರುವಂತೆ ಕರಡಿಗೂ ಒಂದು ಎಂದುಕೊಂಡಿದ್ದೆವು.

ಆ ಹಗ್ಗದ ವಿವರವನ್ನು ಸಿಬ್ಬಂದಿಯೊಬ್ಬರು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಿದಾಗ ವಾಹನದಲ್ಲಿ ಮಾತು ನಿಂತಿತು. ಕಾಡಿನಲ್ಲಿ ತಾಯಿಕರಡಿಯನ್ನು ಕೊಂದು ಮರಿಯನ್ನು ಹಿಡಿಯುತ್ತಿದ್ದರು. ಕೆಲವು ತಿಂಗಳ ಮರಿಯ ಮೂತಿಯನ್ನು ಕಾದ ಕಬ್ಬಿಣದಿಂದ ಚುಚ್ಚಿ, ಆ ತೂತಿನಲ್ಲಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲುಗಳನ್ನು ಬಡಿದು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ನೋವಿಗೆ ಎರಡು ಕಾಲ ಮೇಲೆ ಎದ್ದು ಓಲಾಡುವುದನ್ನೇ ಜನ ಕುಣಿತವೆಂದು ಕರೆದರು. ನಮ್ಮ ಕಾಡಿನ ಈ ಕರಡಿ ಗೆದ್ದಲು, ಇರುವೆ, ಜೇನು, ಹಣ್ಣುಗಳನ್ನು ತಿಂದು ಬದುಕುವ ಪ್ರಾಣಿ. ಮೇಲಿನ ಸಾಲಿನ ನಡುವಣ ಎರಡು ಬಾಚಿಹಲ್ಲುಗಳು ಅದಕ್ಕೆ ಇರುವುದಿಲ್ಲ. ಆ ಎಡೆಯಿಂದ ಗೆದ್ದಲನ್ನು ಸದ್ದು ಮಾಡುತ್ತಾ ಹೀರುತ್ತದೆ. ಈ ಜಾತಿಯ ತಾಯಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಲಸೂರಿನ ಆ ಕರಡಿಯ ಬೆನ್ನ ಮೇಲೆ ನಾವು ಕುಳಿತಿದ್ದ ಜಾಗ ಯಾರಿಗೆ ಸೇರಿದ್ದೆಂಬುದು ನಮಗೆ ಆ ದಿನವಷ್ಟೇ ತಿಳಿಯಿತು.

ಬಿಡಿಸಿದ ಮೇಲೂ ಇವುಗಳನ್ನು ಕಾಡಿಗೆ ಬಿಡಲಾಗದು. ಹಲ್ಲಿಲ್ಲ, ಆಹಾರ ಹುಡುಕುವುದನ್ನು ಕಲಿಸಬೇಕಾಗಿದ್ದ ತಾಯಿಯಿಲ್ಲ, ಕೆಲವಕ್ಕೆ ಕಣ್ಣಿಲ್ಲ, ಕೆಲವಕ್ಕೆ ಕ್ಷಯದಂಥ ಕಾಯಿಲೆ. ಹಾಗಾಗಿ ಮರಗಳಿರುವ ವಿಶಾಲ ಆವರಣದಲ್ಲಿ ಗಂಜಿ, ಹಣ್ಣು, ಜೇನು ಕೊಟ್ಟು ಕೊನೆಯವರೆಗೂ ಸಾಕುತ್ತಾರೆ. ಹಗ್ಗ ಹೋದ ಬಳಿಕವೂ ನಿಂತಲ್ಲೇ ತಲೆಯನ್ನು ಅತ್ತಿತ್ತ ತೂಗುವ ಚಾಳಿ ಹಲವು ಕರಡಿಗಳಲ್ಲಿ ಬಹುಕಾಲ ಉಳಿಯುತ್ತದೆಯಂತೆ. ನಾವು ಅಂಥದೊಂದನ್ನು ಮರದ ನೆರಳಿನಲ್ಲಿ ಕಂಡೆವು. ಎಳೆಯುವವರು ಯಾರೂ ಇರಲಿಲ್ಲ, ಆದರೂ ತಲೆ ತೂಗುತ್ತಲೇ ಇತ್ತು.

ಈ ಸಮಸ್ಯೆ ಬನ್ನೇರುಘಟ್ಟಕ್ಕೆ ಮಾತ್ರ ಸೇರಿದ್ದಲ್ಲ. ಐಸ್‌ಲ್ಯಾಂಡಿನ ಹೆಯ್ಮೇ ದ್ವೀಪದ ಕ್ಲೆಟ್ಸ್‌ವಿಕ್ ಕೊಲ್ಲಿಯಲ್ಲಿ ಬೆಲೂಗಾ ತಿಮಿಂಗಿಲಗಳಿಗಾಗಿ ಒಂದು ಆಶ್ರಯಧಾಮವಿದೆ. ಎಳವೆಯಲ್ಲಿ ರಷ್ಯದ ಕಡಲಿನಿಂದ ಹಿಡಿದು, ಶಾಂಘೈಯ ಜಲಪ್ರದರ್ಶನದಲ್ಲಿ ಆಡಿಸಲಾಗುತ್ತಿದ್ದ ಎರಡು ಹೆಣ್ಣು ತಿಮಿಂಗಿಲಗಳನ್ನು 2019ರ ಜೂನ್‌ನಲ್ಲಿ ವಿಮಾನದಲ್ಲಿ ಅಲ್ಲಿಗೆ ಒಯ್ಯಲಾಯಿತು. ಅವುಗಳಿಗೂ ತೆರೆದ ಸಾಗರ ಇನ್ನು ಪರಕೀಯವೇ. ಅದೇ ಸಂಸ್ಥೆ ಪಫಿನ್ ಎಂಬ ಕಡಲಹಕ್ಕಿಗಳಿಗೂ ಶುಶ್ರೂಷೆ ಮಾಡುತ್ತದೆ. ಊರಿನ ದೀಪಗಳಿಗೆ ದಾರಿತಪ್ಪಿ ಬೀದಿಗೆ ಬಂದಿಳಿಯುವ ಮರಿಗಳನ್ನು ಅಲ್ಲಿನ ಮಕ್ಕಳು ಪೆಟ್ಟಿಗೆಗಳಲ್ಲಿ ಹಿಡಿದು ಸಮುದ್ರಕ್ಕೆ ಬಿಡುವ ವಾಡಿಕೆಯೂ ಆ ದ್ವೀಪದಲ್ಲಿದೆ. ಗುಣವಾದ ಹಕ್ಕಿ ಹಾರಿಹೋಗುತ್ತದೆ, ತಿಮಿಂಗಿಲ ಉಳಿಯುತ್ತದೆ. ಇದೇ ಕೊಲ್ಲಿಗೆ 1998ರಲ್ಲಿ ಕರೆತಂದಿದ್ದ ಕೈಕೋ ಎಂಬ, ಚಲನಚಿತ್ರದಿಂದ ಹೆಸರಾಗಿದ್ದ ಓರ್ಕಾವನ್ನು ಮುಂದೆ ಕಡಲಿಗೆ ಬಿಟ್ಟರೂ ಅದು ನಾರ್ವೆಯ ತೀರದಲ್ಲಿ ಮನುಷ್ಯರನ್ನೇ ಅರಸಿ ಬಂದಿತು. 2003ರಲ್ಲಿ ಅಲ್ಲೇ ಸತ್ತಿತು. ನಮ್ಮ ದೇಶದಲ್ಲಿ 2013ರಲ್ಲಿ ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅನುಮತಿ ನಿರಾಕರಿಸಲಾಯಿತಾದ್ದರಿಂದ ಈ ಸಂಕಟ ಕಡಲಪ್ರಾಣಿಗಳ ವಿಷಯದಲ್ಲಿ ನಮ್ಮ ಬಾಗಿಲಿಗೆ ಬರಲಿಲ್ಲ. ಕರಡಿಯ ವಿಷಯದಲ್ಲಿ ಬಂದಿತು.

ಈಗ ಬ್ರದರ್ ಅವರ ಪ್ರಶ್ನೆಗೆ ಬರೋಣ. ಪೌಲರು ಬಳಸಿದ 'ಕ್ತಿಸಿಸ್' ಎಂಬ ಗ್ರೀಕ್ ಪದಕ್ಕೆ ಧರ್ಮಸಭೆಯ ಪಿತೃಗಳು ಒಂದೇ ಅರ್ಥ ಹೇಳಲಿಲ್ಲ. ಸಂತ ಅಗಸ್ಟೀನರು ತಮ್ಮ ಆರಂಭದ ವ್ಯಾಖ್ಯಾನದಲ್ಲಿ ಅದನ್ನು ಮನುಷ್ಯನಿಗೇ ಅನ್ವಯಿಸಿದರು. ಮರ, ಕಲ್ಲುಗಳು ನರಳುತ್ತವೆಂದರೆ ಅಂದಿನ ಮಾನಿಯವರ ತಪ್ಪು ಬೋಧನೆಗೆ ಎಡೆಯಾದೀತೆಂಬ ಎಚ್ಚರ ಅವರದು. ಸಂತ ಜಾನ್ ಕ್ರಿಸೊಸ್ತೋಮರು ಬೇರೆ ದಾರಿ ಹಿಡಿದರು. ರಾಜಕುಮಾರನನ್ನು ಎತ್ತಿ ಆಡಿಸಿದ ದಾದಿಯು ಅವನು ಪಟ್ಟಕ್ಕೆ ಬಂದಾಗ ಅವನ ಸಿರಿಯಲ್ಲಿ ಪಾಲು ಪಡೆಯುವಂತೆ, ಮನುಷ್ಯನನ್ನು ಸಾಕಿದ ಸೃಷ್ಟಿಯೂ ಅವನ ಮಹಿಮೆಯಲ್ಲಿ ಪಾಲು ಪಡೆಯುವುದೆಂದು ಅವರು ಪ್ರಬೋಧಿಸಿದರು. ಇಂದಿನ ಬಹುಪಾಲು ವ್ಯಾಖ್ಯಾನಕಾರರು ಮನುಷ್ಯೇತರ ಸೃಷ್ಟಿ ಎಂಬ ಅರ್ಥವನ್ನೇ ಒಪ್ಪುತ್ತಾರೆ. ನಮಗೂ ಅದೇ ಸರಿಯೆನಿಸುತ್ತದೆ. 'ತನ್ನ ಇಚ್ಛೆಯಿಂದಲ್ಲದೆ' ಎಂಬ ಮಾತು ಆದಾಮನ ಸಂತತಿಗಿಂತ ಆ ಮರಿಕರಡಿಗೆ ಹೆಚ್ಚು ಒಪ್ಪುತ್ತದೆ. 'ನಿರೀಕ್ಷೆ' ಎಂದು ನಾವು ಅನುವಾದಿಸುವ 'ಅಪೊಕರದೊಕಿಯ' ಎಂಬ ಪದದೊಳಗೆ ತಲೆ ಎಂಬ ಅರ್ಥದ 'ಕರ' ಅಡಗಿದೆ: ಕೊರಳನ್ನು ಮುಂದೆ ಚಾಚಿ ಕಾಯುವ ಭಂಗಿ ಅದು.

ಸಂತ ಥಾಮಸ್ ಅಕ್ವಿನಾಸರು ಈ ಭರವಸೆಗೆ ಮಿತಿ ಹಾಕುತ್ತಾರೆಂಬುದನ್ನು ಮರೆಮಾಚಬಾರದು. ಪ್ರಾಣಿಗಳ ಆತ್ಮವು ದೇಹದೊಂದಿಗೇ ಅಳಿಯುತ್ತದೆಂದೂ, ನವೀಕೃತ ಲೋಕದಲ್ಲಿ ಪ್ರಾಣಿ, ಸಸ್ಯಗಳು ಉಳಿಯಲಾರವೆಂದೂ ಅವರ ಮತ. ಎರಡನೆಯದು ಅವರ ನಿಧನದ ನಂತರ ಹಿಂದಿನ ಬರಹಗಳಿಂದ ಸಂಕಲಿಸಿದ 'ಸುಮ್ಮಾ'ದ ಪೂರಕ ಭಾಗದಲ್ಲಿದೆ. ಆದರೆ ಒಂದೇ ಜೀವಿ ದೇವರ ಒಳಿತನ್ನು ಸಾಕಷ್ಟು ತೋರಲಾರದ್ದರಿಂದಲೇ ಬಹು ಜೀವಿಗಳಾದವೆಂದು ಹೇಳಿದವರೂ ಅವರೇ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದ 86ನೆಯ ಕಂಡಿಕೆಯಲ್ಲಿ ಈ ವಾದವನ್ನು ಎತ್ತಿಕೊಂಡು, 243ನೆಯದರಲ್ಲಿ ಥಾಮಸರು ನಿಂತಲ್ಲಿಂದ ಮುಂದೆ ನಡೆಯುತ್ತಾರೆ. ನಿತ್ಯಜೀವದಲ್ಲಿ ಪ್ರತಿ ಜೀವಿಯೂ ರೂಪಾಂತರಗೊಂಡು ತನ್ನ ಸ್ಥಾನ ಪಡೆಯುವುದೆಂಬುದು ಅಲ್ಲಿನ ತಾತ್ಪರ್ಯ. ಇದು ವಿಶ್ವಾಸದ ನಿರ್ಣಯವಾಕ್ಯವಲ್ಲ, ಭರವಸೆಯ ಮಾತು. ಹಾಗೆಂದು ಅಲಂಕಾರದ ಮಾತೂ ಅಲ್ಲ.

ಪವಿತ್ರ ಗ್ರಂಥದ ಕರಡಿಗಳನ್ನು ಹುಡುಕಿರೆಂದಾಗ ವಿದ್ಯಾರ್ಥಿಗಳಿಗೆ ಮೊದಲು ಸಿಕ್ಕಿದ್ದು ಎಲೀಷನನ್ನು ಅಣಕಿಸಿದ ಹುಡುಗರ ಮೇಲೆ ಬಿದ್ದ ಎರಡು ಕರಡಿಗಳು. ಬೋಡುತಲೆಯ ಅಧ್ಯಾಪಕರಿರುವ ಮನೆಯಲ್ಲಿ ಅದು ಸಹಜ. ದಾವೀದನು ಕೊಂದ ಕರಡಿ ಆಮೇಲೆ ಬಂತು. ಯೆಶಾಯನ ಹನ್ನೊಂದನೆಯ ಅಧ್ಯಾಯದಲ್ಲಿ ಹಸುವಿನೊಡನೆ ಮೇಯುವ ಕರಡಿಯೂ ಬಂತು. ನಮ್ಮನ್ನು ತಡೆದು ನಿಲ್ಲಿಸಿದ್ದು ಹೊಶೇಯ 13:8. ಮರಿಗಳನ್ನು ಕಳೆದುಕೊಂಡ ತಾಯಿಕರಡಿಯ ಕೋಪ ಇಸ್ರಯೇಲಿನಲ್ಲಿ ಗಾದೆಯಂತೆ ಬಳಕೆಯಲ್ಲಿತ್ತು. ಜ್ಞಾನೋಕ್ತಿಗಳಲ್ಲೂ ಸಮುವೇಲನ ಎರಡನೆಯ ಗ್ರಂಥದಲ್ಲೂ ಅದನ್ನು ಕಾಣುತ್ತೇವೆ. ಹೊಶೇಯನಲ್ಲಿ ಆ ಉಪಮಾನವನ್ನು ಪ್ರಭು ತಮಗೇ ಹೇಳಿಕೊಳ್ಳುತ್ತಾರೆ. ದಯಪಾಲಿಸಿದ್ದನ್ನು ಉಂಡು ಕೊಬ್ಬಿ ಮರೆತ ಜನರ ಎದುರಿಗೆ ದೇವರು ನಿಲ್ಲುವುದು ಮರಿ ಕಳೆದುಕೊಂಡ ಕರಡಿಯಂತೆ. ಬನ್ನೇರುಘಟ್ಟದಲ್ಲಿರುವ ಕುಣಿತದ ಕರಡಿಗಳ ಹಿಂದೆ ಕಾಡಿನಲ್ಲಿ ಕೊಲೆಯಾದ ತಾಯಂದಿರಿದ್ದಾರೆ ಎಂಬುದನ್ನು ನೆನೆದು ಈ ವಚನವನ್ನು ಓದಿದಾಗ, ಉಪಮಾನವೆಂದು ದಾಟಿಹೋಗಲು ನಮಗೆ ಮನಸ್ಸಾಗಲಿಲ್ಲ.

ಗುರುಗಳು ಸಾಮಾನ್ಯವಾಗಿ ಎತ್ತುವ ಆಕ್ಷೇಪವನ್ನು ಮರಳುವ ದಾರಿಯಲ್ಲಿ ಇನ್ನೊಬ್ಬ ಬ್ರದರ್ ಎತ್ತಿದರು. ಮಕ್ಕಳು ಹಸಿದಿರುವ ನಾಡಿನಲ್ಲಿ ಕರಡಿಗೆ ಜೇನು ಏಕೆ? ಇದು ಸುಲಭದ ಆಕ್ಷೇಪವಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2418ನೆಯ ಕಂಡಿಕೆಯೇ ಅದಕ್ಕೆ ಆಧಾರ. ಪ್ರಾಣಿಗಳನ್ನು ನಿಷ್ಕಾರಣವಾಗಿ ನೋಯಿಸುವುದು ಮಾನವ ಘನತೆಗೆ ವಿರುದ್ಧವೆನ್ನುವ ಆ ಕಂಡಿಕೆ, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ವ್ಯಯಿಸುವುದೂ ಸಲ್ಲದೆನ್ನುತ್ತದೆ. ಕರಡಿ ಆಡಿಸುತ್ತಿದ್ದವರು ಬಹುತೇಕ ಕಲಂದರ್ ಸಮುದಾಯದ ಬಡವರು, ಅಲೆಮಾರಿಗಳು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಿಂದಲೂ ಇತ್ತು; ಕರಡಿಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂಬ ಅಧಿಸೂಚನೆ 1998ರಲ್ಲೂ ಬಂದಿತ್ತು. ಆದರೂ ಕುಣಿತ ನಿಲ್ಲಲಿಲ್ಲ. ಕರಡಿಯೇ ಆ ಮನೆಗಳ ಅನ್ನವಾಗಿತ್ತು. ಕರಡಿಯನ್ನು ಒಪ್ಪಿಸಿದ ಕುಟುಂಬಕ್ಕೆ ಬೇರೆ ಕಸುಬಿಗೆ ಮೂಲಧನ, ಮಕ್ಕಳಿಗೆ ಶಾಲೆ, ಹೆಂಗಸರಿಗೆ ದುಡಿಮೆಯ ದಾರಿ ಒದಗಿಸಿದ ಮೇಲೆಯೇ ಹಗ್ಗಗಳು ಬಿಚ್ಚಿಕೊಂಡವು. ಹಗ್ಗದ ಎರಡು ತುದಿಗಳಲ್ಲೂ ಕಟ್ಟುಬಿದ್ದವರಿದ್ದರು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂಬ 'ಲೌದಾತೊ ಸಿ'ಯ ಮಾತಿಗೆ ಇದಕ್ಕಿಂತ ಸಮೀಪದ ನಿದರ್ಶನ ನಮಗೆ ಬೆಂಗಳೂರಿನಲ್ಲಿ ಸಿಗಲಿಲ್ಲ. ಕಲಂದರರನ್ನು ಕ್ರೂರಿಗಳೆಂದು ಬಣ್ಣಿಸಿ ಪ್ರಬೋಧನೆ ಮಾಡುವುದು ಸುಲಭ. ಕಾಸು ಕೊಟ್ಟು ಬೆನ್ನೇರಿದವರು ನಾವೇ ಎಂಬುದನ್ನು ಪೀಠದಿಂದ ಹೇಳುವುದು ಕಷ್ಟ.

ಸಂತ ಕೊರ್ಬಿನಿಯನರ ಐತಿಹ್ಯವೂ ಆ ಸಂಜೆ ಚರ್ಚೆಗೆ ಬಂತು. ತಮ್ಮ ಕುದುರೆಯನ್ನು ಕೊಂದ ಕರಡಿಯ ಬೆನ್ನಿಗೇ ಗಂಟುಮೂಟೆ ಹೇರಿ ರೋಮಿಗೆ ನಡೆಸಿದ ಅವರು, ತಲುಪಿದ ಮೇಲೆ ಅದನ್ನು ಕಾಡಿಗೆ ಬಿಟ್ಟರಂತೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಲಾಂಛನದಲ್ಲಿದ್ದುದು ಆ ಕರಡಿಯೇ. ನಮ್ಮ ಕರಡಿಗಳಿಗೆ ಹಾಗೆ ಕಾಡಿಗೆ ಮರಳುವ ದಾರಿಯಿಲ್ಲ. ಪುನರುತ್ಥಾನರಾದ ಪ್ರಭುವಿನ ದೇಹದಲ್ಲಿ ಗಾಯಗಳು ಉಳಿದವೆಂಬುದನ್ನು ಇಲ್ಲಿ ಆತುರದಿಂದ ಎಳೆದು ತರಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿದೆವು. ಕ್ರಿಸ್ತರು ಗಾಯಗಳನ್ನು ಮನಃಪೂರ್ವಕವಾಗಿ ಒಪ್ಪಿಕೊಂಡರು. ಕರಡಿಯನ್ನು ಯಾರೂ ಕೇಳಲಿಲ್ಲ. ಕೊಲೊಸ್ಸೆಯರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯವು ಶಿಲುಬೆಯ ರಕ್ತದಿಂದ ಸಂಧಾನವಾದದ್ದು ಸಮಸ್ತಕ್ಕೂ ಎಂದು ಹೇಳುವಾಗ, ಒಪ್ಪಿಗೆ ಕೊಡಲಾಗದ ಈ ಜೀವಿಗಳ ಪರವಾಗಿಯೂ ಆ ಒಪ್ಪಿಗೆ ಸಂದಿತೆಂದು ಓದಬಹುದೇ? ಓದಬಹುದೆಂದೇ ನಮ್ಮ ಅನಿಸಿಕೆ. ಆದರೆ ಇದನ್ನು ಇನ್ನೂ ಹೆಚ್ಚು ಅಧ್ಯಯನ ಮಾಡಬೇಕಾಗಿದೆ.

ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದ ಬಲಿಪೂಜೆಗೆ ವಿಶ್ವಾಸಿಗಳ ಪ್ರಾರ್ಥನೆಗಳನ್ನು ಬರೆಯುವ ಹೊಣೆ ಅದೇ ತರಗತಿಗೆ ಬಂತು. ಬನ್ನೇರುಘಟ್ಟದ ಕರಡಿಗಳಿಗಾಗಿ ಪ್ರಾರ್ಥಿಸಬಹುದೇ ಎಂಬ ಬಗ್ಗೆ ಎರಡು ದಿನ ವಾದ ನಡೆಯಿತು. ಯೋನನ ಗ್ರಂಥದ ಕೊನೆಯಲ್ಲಿ ದೇವರು ನಿನೆವೆಯ ದನಕರುಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾರೆಂದು ಒಬ್ಬರು; ಪೂಜಾವಿಧಿಯ ಬಿನ್ನಹಗಳು ಮನುಷ್ಯರ ಅಗತ್ಯಗಳಿಗೆ ಸೇರಿದವೆಂದು ಇನ್ನೊಬ್ಬರು. ಕೊನೆಗೆ ಕಲಂದರ್ ಕುಟುಂಬಗಳ ಮಕ್ಕಳನ್ನೂ ಕರಡಿಗಳನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆದರು. ನಾವು ಅದರಲ್ಲಿ ಒಂದು ಕಾಗುಣಿತದ ತಪ್ಪನ್ನು ಮಾತ್ರ ತಿದ್ದಿದೆವು.