ಕಾವಲಿನಂಚಿನ ಮಾತುಗಳು

ಬೆಳಗಿನ ಜಾವ ಚಳ್ಳಕೆರೆಯ ಗಾಳಿಯಲ್ಲಿ ಮೊದಲು ಎಚ್ಚರಾಗುವುದು ಶೇಂಗಾ ಹಿಂಡಿಯ ವಾಸನೆ. ಎಣ್ಣೆ ಗಿರಣಿಗಳ ಅಂಗಳದಿಂದ ಎದ್ದು, ಬಳ್ಳಾರಿ ರಸ್ತೆ ದಾಟಿ, ಮಾರುಕಟ್ಟೆ ಕಡೆಗೆ ತಿರುಗುವ ಮೂಲೆಯ ತಗಡಿನ ಮಾಡಿನ ಹೋಟೆಲಿಗೆ ಬರುವಷ್ಟರಲ್ಲಿ ಅದಕ್ಕೆ ಕುದಿಯುವ ಹಾಲು, ಜಜ್ಜಿದ ಶುಂಠಿ, ಗುಳಿಗಳಲ್ಲಿ ಕೆಂಪಗಾಗುತ್ತಿರುವ ಪಡ್ಡಿನ ವಾಸನೆಗಳು ಸೇರಿಕೊಳ್ಳುತ್ತವೆ. ಒಳಗೆ ಎರಡು ಉದ್ದನೆಯ ಬೆಂಚು, ಹೊರಗೆ ಒಂದು ಕಲ್ಲು ಚಪ್ಪಡಿ. ಚಪ್ಪಡಿಯ ಮೇಲೆ ಕೂತರೆ ರಸ್ತೆಯೂ ಕಾಣುತ್ತದೆ, ಒಳಗಿನ ಮಾತೂ ಕೇಳುತ್ತದೆ. ಬನ್ನಿ, ಅಲ್ಲೇ ಕೂರೋಣ.

ಒಬ್ಬೊಬ್ಬರಾಗಿ ಬರುತ್ತಾರೆ. ಹೆಗಲಿಗೆ ಟವೆಲ್ಲು, ಸೊಂಟಕ್ಕೆ ಮೂಟೆ ಎತ್ತುವ ಕೊಕ್ಕೆ ಸಿಕ್ಕಿಸಿಕೊಂಡ ಹಮಾಲರು ಬಂದು ನಿಂತುಕೊಂಡೇ ಟೀ ಕುಡಿಯುತ್ತಾರೆ. ಬಾಡಿಗೆ ಸಿಗುವವರೆಗೆ ಆಟೊದವನೊಬ್ಬ ಫೋನಿನ ಮೇಲೆ ಹೆಬ್ಬೆರಳಾಡಿಸುತ್ತಾ ಕೂರುತ್ತಾನೆ. ನಿವೃತ್ತ ವಿಜ್ಞಾನ ಮೇಷ್ಟ್ರು ಪೇಪರನ್ನು ಮಡಿಚಿ ಕಂಕುಳಲ್ಲಿ ಹಿಡಿದು ಬಂದು ಬೆಂಚಿನ ತುದಿಯ ತಮ್ಮ ಜಾಗದಲ್ಲಿ ಕೂತ ಮೇಲೇ ಅದನ್ನು ಬಿಡಿಸುತ್ತಾರೆ. ದೊಡ್ಡಉಳ್ಳಾರ್ತಿ ಕಡೆಯ ಕಂಬಳಿ ನೇಯುವ ಹಿರಿಯರು, ಮಗನ ಮನೆಗೆ ಬಂದು ಊರಿಗೆ ಹೊರಟ ಕುರಿಗಾಹಿ ತಾತ, ಯಾವುದೋ ಕೆಲಸಕ್ಕೆ ಬಂದ ಪಾವಗಡದ ರೈತ. ಇವರೆಲ್ಲರ ನಡುವೆ ಪಡ್ಡಿನ ಹೆಂಚಿನ ಹಿಂದೆ ನಿಂತ ಅಕ್ಕ, ಕೈ ನಿಲ್ಲಿಸದೆ, ಕಿವಿಯನ್ನೂ ಮುಚ್ಚದೆ, ಎಲ್ಲರ ಮಾತಿಗೂ ಒಂದೊಂದು ತುಂಡು ಮಾತು ಸೇರಿಸುತ್ತಾಳೆ.

ಮಾತು ಮಳೆಯಿಂದಲೇ ಶುರು. ಚಿತ್ರದುರ್ಗ ಜಿಲ್ಲೆಯ ಈ ಮೂಲೆ ನಾಡಿನ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲೊಂದು. ಶೇಂಗಾ ಬಿತ್ತುವವರಿಗೆ ಮೋಡವನ್ನು ಓದುವುದು ಹೊಟ್ಟೆಪಾಡಿನ ವಿದ್ಯೆ. ಆಟೊದವನು ಫೋನ್ ಎತ್ತಿ ತೋರಿಸುತ್ತಾನೆ: “ನೋಡಣ್ಣಾ, ಇವತ್ತು ಅರವತ್ತು ಪರ್ಸೆಂಟ್ ಮಳೆ ಐತೆ ಅಂತೈತೆ.” ಹಮಾಲರಲ್ಲೊಬ್ಬ ನಗುತ್ತಾನೆ: “ಪರಶುರಾಂಪುರದಾಗೆ ಬಿದ್ದಿರತೈತೆ, ನಮ್ಮ ಹೊಲಕ್ಕೆ ಮಿಂಚು ಅಷ್ಟೇ.” ಮೇಷ್ಟ್ರು ಪೇಪರಿನಿಂದ ತಲೆ ಎತ್ತಿ, ಅರವತ್ತು ಅಂದರೆ ಅರವತ್ತು ಹನಿ ಅಲ್ಲ, ಇಂಥ ಮೋಡ ಕಟ್ಟಿದ ಹತ್ತು ದಿನಗಳಲ್ಲಿ ಆರು ದಿನ ಮಳೆಯಾಗುತ್ತದೆ, ನಾಲ್ಕು ದಿನ ಆಗುವುದಿಲ್ಲ ಎಂದು ಲೆಕ್ಕ ಬಿಡಿಸುತ್ತಾರೆ. ಕುರಿಗಾಹಿ ತಾತ ಅಷ್ಟೂ ಕೇಳಿ, “ಹಂಗಾದ್ರೆ ನಿಮ್ಮ ಫೋನೂ ನಮ್ಮ ಪಂಚಾಂಗದಂಗೇ ಎರಡು ಕಡೀಗೂ ಕಾಲಿಟ್ಟೈತೆ ಅನ್ನು” ಎನ್ನುತ್ತಾನೆ. ಸಂಭವನೀಯತೆಯ ಪಾಠ ಇಷ್ಟು ಬೇಗ, ಇಷ್ಟು ಸರಿಯಾಗಿ ಮನಸ್ಸಿಗಿಳಿದದ್ದನ್ನು ನಾನು ತರಗತಿಗಳಲ್ಲಿ ಅಪರೂಪಕ್ಕೆ ಕಂಡಿದ್ದೇನೆ.

ಇಂಥ ಮಾತುಗಳನ್ನು ಕಾಡುಹರಟೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಈ ಊರಿನ ಮಟ್ಟಿಗಂತೂ ಅದು ಅನ್ಯಾಯವೇ ಸರಿ. ಒಂದು ಕಾಲಕ್ಕೆ ಎಣ್ಣೆ ನಗರ, ಎರಡನೇ ಬೊಂಬಾಯಿ ಎಂದು ಕರೆಸಿಕೊಂಡಿದ್ದ ಚಳ್ಳಕೆರೆಯ ಬೋರ್ಡುಗಳ ಮೇಲೆ ಈಗ ವಿಜ್ಞಾನ ನಗರಿ ಎಂಬ ಹೆಸರೂ ಸೇರಿದೆ. ಊರಾಚೆಯ ಕಾವಲುಗಳಲ್ಲಿ, ಅಂದರೆ ಹುಲ್ಲುನೆಲಗಳಲ್ಲಿ, ಇಸ್ರೊ ಇದೆ, ಡಿಆರ್‌ಡಿಒ ಇದೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗವಿದೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಕ್ಯಾಂಪಸ್ ಇದೆ. ಬೇರೆ ಊರುಗಳಲ್ಲಿ ಟಿವಿಯೊಳಗಿಂದ ಬರುವ ವಿಜ್ಞಾನ ಇಲ್ಲಿ ಬೇಲಿಯಾಚೆಯಿಂದ ಸದ್ದು ಮಾಡುತ್ತದೆ.

ಆ ಸದ್ದನ್ನು ತಾತ ಕೇಳಿದ್ದಾನೆ. ಎರಡು ರೆಕ್ಕೆಚಕ್ರ ಹೊತ್ತ ದೊಡ್ಡ ಹೆಲಿಕಾಪ್ಟರ್ ಒಂದು ಬೆಳಗಾಗುತ್ತಲೇ ಎದ್ದು, ಹೊಟ್ಟೆಯ ಕೆಳಗೆ ಏನನ್ನೋ ನೇತುಹಾಕಿಕೊಂಡು ಮೇಲೆ ಮೇಲೆ ಹೋದದ್ದು, ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತದ್ದು, ನಾಯಿ ಬೊಗಳುವುದನ್ನೂ ಮರೆತದ್ದು, ಇಷ್ಟನ್ನು ಅವನು ಕೈಯೆತ್ತಿ ಆಕಾಶದಲ್ಲಿ ಗೆರೆ ಎಳೆದು ತೋರಿಸುತ್ತಾನೆ. ಅದಕ್ಕೆ ತಾರೀಖು ಹಚ್ಚುವುದು ಮೇಷ್ಟ್ರ ಕೆಲಸ. 2023ರ ಏಪ್ರಿಲ್ 2ರಂದು, ಮತ್ತೆ 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ, ವಾಯುಪಡೆಯ ಚಿನೂಕ್ ಹೊತ್ತೊಯ್ದದ್ದು ಇಸ್ರೊದ ಮರುಬಳಕೆ ರಾಕೆಟ್ಟಿನ ರೆಕ್ಕೆಯುಳ್ಳ ಮಾದರಿಯನ್ನು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ಕೈಬಿಟ್ಟರು. ಎಂಜಿನ್ನಿನ ಬಲವಿಲ್ಲದೆ, ಒಳಗೆ ಮನುಷ್ಯನಿಲ್ಲದೆ, ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿಕೊಂಡು ಅದು ಡಿಆರ್‌ಡಿಒ ಓಡುದಾರಿಗೆ ಬಂದಿಳಿಯಿತು. ಮೂರನೇ ಸಲವಂತೂ ಬೇಕೆಂದೇ ಓಡುದಾರಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಅಡ್ಡಗಾಳಿಯಲ್ಲೂ ತಿರುಗಿ ಸರಿಯಾದ ಗೆರೆಗೆ ಬಂದು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟಿ, ಬಾಲದಿಂದ ಪ್ಯಾರಾಚೂಟ್ ಬಿಚ್ಚಿ ನಿಂತಿತು. “ಡ್ರೈವರ್ ಇಲ್ದೆ?” ಎಂದು ಆಟೊದವನು ಎರಡು ಸಲ ಕೇಳುತ್ತಾನೆ. ಅವನ ಪ್ರಶ್ನೆಯಲ್ಲಿ ಬೆರಗಿನ ಜೊತೆ ಭಯವೂ ಇದೆ. ಡ್ರೈವರಿಲ್ಲದ ಬಂಡಿ ಆಕಾಶದಿಂದ ರಸ್ತೆಗೆ ಬರಲು ಎಷ್ಟು ವರ್ಷ ಬೇಕು ಎಂಬ ಲೆಕ್ಕ ಅವನ ಅನ್ನದ ಲೆಕ್ಕ.

“ಎಲ್ಲಾನೂ ಹಂಗೇ ಇಳೀತವಾ? ವದ್ದಿಕೆರೆಯಾಗೆ ಹೊಲಕ್ಕೆ ಬಿತ್ತಲ್ಲ, ಅದು?” ಹಮಾಲನ ಪ್ರಶ್ನೆ. ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಪರೀಕ್ಷಾ ಹಾರಾಟದ ವೇಳೆ ಬಿದ್ದದ್ದು 2023ರ ಆಗಸ್ಟ್ 20ರ ಭಾನುವಾರ. ಭಾರೀ ಸದ್ದಿಗೆ ಜನ ಓಡಿಬಂದು, ಮುರಿದ ರೆಕ್ಕೆಯ ಸುತ್ತ ನಿಂತು ನೋಡಿದ್ದರು. ಅದೇ ವಾರದ ಬುಧವಾರ, ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ, ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ಹೊಲಕ್ಕೆ ಬಿದ್ದದ್ದು, ಚಂದ್ರನ ಮೇಲೆ ನಿಂತದ್ದು ಎರಡನ್ನೂ ನಾಲ್ಕೇ ದಿನಗಳೊಳಗೆ ನೋಡಿದ ಈ ಸೀಮೆಯ ಜನಕ್ಕೆ ವಿಜ್ಞಾನವೆಂದರೆ ಜಯಕಾರವೊಂದೇ ಅಲ್ಲ. ಬೀಳುವುದೂ ಅದರ ಕಸುಬಿನ ಭಾಗ ಎಂದು ಯಾರೂ ಹೇಳಿಕೊಡಬೇಕಿಲ್ಲ. “ಬೋರ್‌ವೆಲ್ಲೂ ಹಂಗೇ ಅಲ್ವಾ, ಐದು ಕೊರೆಸಿದ್ರೆ ಒಂದರಾಗೆ ನೀರು” ಎಂದು ಅಕ್ಕ ಪಡ್ಡು ತಿರುವಿಹಾಕುತ್ತಾಳೆ.

ಚಂದ್ರನ ಮಾತು ಬಂದರೆ ಕಂಬಳಿಯ ಹಿರಿಯರ ಬೆನ್ನು ನೆಟ್ಟಗಾಗುತ್ತದೆ. ಅವರ ಕಡೆಯ ಉಳ್ಳಾರ್ತಿ ಕಾವಲಿನಲ್ಲೇ ಇಸ್ರೊ ನೆಲ ತೋಡಿ ಚಂದ್ರನ ಮೇಲಿನಂಥ ಗುಳಿಗಳನ್ನು ಮಾಡಿಸಿತ್ತು. ಚಂದ್ರಯಾನ-2ರ ಲ್ಯಾಂಡರಿಗೆ ಹಾಕುವ ಸೆನ್ಸರುಗಳನ್ನು ಸಣ್ಣ ವಿಮಾನಕ್ಕೆ ಕಟ್ಟಿ ಅವುಗಳ ಮೇಲೆ ಹಾರಿಸಿ, ಗುಳಿ ಯಾವುದು, ಸಮತಟ್ಟು ಯಾವುದು ಎಂದು ಯಂತ್ರಕ್ಕೆ ಗುರುತು ಹತ್ತುತ್ತದೆಯೇ ಎಂದು ಪರೀಕ್ಷಿಸಿದರು. ಆ ಲ್ಯಾಂಡರ್ ಇಳಿಯುವ ಕೊನೆಯ ಹಂತದಲ್ಲಿ, 2019ರ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ, ಮಾತು ನಿಲ್ಲಿಸಿತು. ಆ ದಿನದ ದುಃಖವನ್ನು ಹಿರಿಯರು ಮನೆಯ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಾರೆ. “ಚಂದ್ರನ ಮ್ಯಾಲೆ ಇಳಿಯೋಕೆ ಮುಂಚೆ ಅದು ನಮ್ಮ ಕಾವಲ್ನಾಗೆ ಪಾಠ ಕಲಿತೈತೆ ಕಣಪ್ಪ.” ಈ ಹೆಮ್ಮೆಯಲ್ಲಿ ಕಲಬೆರಕೆಯಿಲ್ಲ. ಆದರೆ ಅದೇ ಉಸಿರಿನಲ್ಲಿ ಮುಂದಿನ ಮಾತೂ ಬರುತ್ತದೆ: “ಆ ಕಾವಲ್ನಾಗೆ ಈಗ ನಮ್ಮ ಕುರಿ ಹೋಗಂಗಿಲ್ಲ.”

ಇಲ್ಲಿಂದ ಮಾತಿನ ಬಣ್ಣ ಬದಲಾಗುತ್ತದೆ, ಲೋಟಗಳ ಸದ್ದೂ ತಗ್ಗುತ್ತದೆ. ಅಮೃತಮಹಲ್ ಕಾವಲುಗಳೆಂದರೆ ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಮೇಯುತ್ತಿದ್ದ ಹುಲ್ಲುನೆಲ. ಟಿಪ್ಪು ಆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟ. ತೋಪು ಎಳೆಯುತ್ತಿದ್ದ ಆ ಗಟ್ಟಿ ಎತ್ತುಗಳ ಕಾಲ ಮುಗಿದ ಮೇಲೂ ಕಾವಲು ಉಳಿಯಿತು. ಕುರಿ ಮೇಯಿತು, ಕೃಷ್ಣಮೃಗ ಓಡಿತು, ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳು ತಿರುಗಾಡಿದವು. ಕಪ್ಪು ಕುರಿಯ ಉಣ್ಣೆ ಹಿರಿಯರ ಮಗ್ಗಕ್ಕೆ ಬಂತು. ಹೊರಗಿನ ಕಣ್ಣಿಗೆ ಬೋಳು ಬಯಲು. ಮಳೆಗಾಲದ ಎರಡು ತಿಂಗಳು ಬಂದು ನೋಡಿದರೆ ಮೊಳಕಾಲುದ್ದದ ಹುಲ್ಲು, ನಡುನಡುವೆ ಔಷಧದ ಗಿಡ, ಜಿಂಕೆಯ ಹೆಜ್ಜೆ. ಅದರಲ್ಲಿ ಸುಮಾರು 10,000 ಎಕರೆ ಈ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಹಳ್ಳಿಯವರಲ್ಲಿ ಬಹಳ ಜನಕ್ಕೆ ಸುದ್ದಿ ತಲುಪಿದ್ದು ಎದ್ದುನಿಂತ ಗೋಡೆಯ ಮೂಲಕ. ಮೊಕದ್ದಮೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು, ಪೀಠ ಕಳಿಸಿದ ತಂಡ ಬಂದು ಕಾವಲನ್ನು ಕಣ್ಣಾರೆ ನೋಡಿ ಹೋಯಿತು. ಗೋಡೆ ಹಾಗೇ ನಿಂತಿದೆ.

ಪಾವಗಡದ ರೈತ ಇಷ್ಟು ಹೊತ್ತು ಸುಮ್ಮನಿದ್ದವನು ಈಗ ಬಾಯಿ ಬಿಡುತ್ತಾನೆ. ಅವನ ಊರಿನ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಾಸಿದ್ದಾರೆ. ನೋಡುವವರ ಕಣ್ಣಿಗೆ ಅದು ಕೆರೆಯೇ ತುಂಬಿದಂತೆ ಕಾಣುತ್ತದಂತೆ. 2,050 ಮೆಗಾವಾಟ್ ಕರೆಂಟು ಅಲ್ಲಿ ಹುಟ್ಟುತ್ತದೆ. ಆದರೆ ಸರ್ಕಾರ ಅಲ್ಲಿ ಭೂಮಿ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. “ದುಡ್ಡು ಬರತೈತೆ, ಸುಳ್ಳು ಹೇಳಬಾರದು. ಭೂಮಿ ಇಲ್ಲದೋರಿಗೆ ಏನೈತೆ? ಮೊದಲು ನಮ್ಮ ಹೊಲದಾಗೆ ಕಳೆ ಕೀಳಾಕೆ ಬರೋರು, ಈಗ ಅವರು ಬೆಂಗಳೂರಿಗೆ ಹೋದ್ರು.” ತಾತ ಅವನನ್ನೇ ನೋಡುತ್ತಾ, “ನಿಮಗೆ ಪಹಣಿ ಇತ್ತು, ಗುತ್ತಿಗೆ ಬಂತು. ಕಾವಲಿಗೆ ಯಾರ ಪಹಣಿ?” ಎಂದು ಕೇಳುತ್ತಾನೆ. ಎಲ್ಲರದ್ದೂ ಆದ ನೆಲ ಹೋದಾಗ ಪರಿಹಾರಕ್ಕೆ ಕೈಯೊಡ್ಡಲು ಯಾರ ಹೆಸರೂ ಇರುವುದಿಲ್ಲ. ನಾಡಿನ ಅಭಿವೃದ್ಧಿಯ ಬಗ್ಗೆ ನಾನು ಓದಿದ ಅನೇಕ ಪುಟಗಳಲ್ಲಿ ಈ ಪ್ರಶ್ನೆ ಇಷ್ಟು ಬೆತ್ತಲಾಗಿ ನಿಂತದ್ದು ಕಡಿಮೆ.

ಅಷ್ಟರಲ್ಲಿ ಆಟೊದವನ ಫೋನಿನಿಂದ ಕೂಗುದನಿಯೊಂದು ಹೊರಡುತ್ತದೆ. ಯಾರೋ ಕಳಿಸಿದ ವಿಡಿಯೊ. ಮತಯಂತ್ರಕ್ಕೆ ದೂರದಿಂದಲೇ ಗುಂಡಿ ಒತ್ತಬಹುದು ಎಂದು ಅದರ ವಾದ. ಅವನು ನಂಬಿದ್ದಾನೆ. ಮೇಷ್ಟ್ರು ಮತಗಟ್ಟೆಯ ಅಧಿಕಾರಿಯಾಗಿ ರಾತ್ರಿ ಶಾಲೆಯ ಕೊಠಡಿಯಲ್ಲಿ ಮಲಗಿ ಎದ್ದವರು. ಅವರು ಬೈಯುವುದಿಲ್ಲ. ಬೆಳಗಿನ ಜಾವ ಏಜೆಂಟರ ಎದುರು ಕನಿಷ್ಠ 50 ಓಟು ಹಾಕಿಸಿ ನಡೆಸುವ ಅಣಕು ಮತದಾನ, ಒತ್ತಿದಾಗ ಬರುವ ಬೀಪ್, ಗಾಜಿನ ಹಿಂದೆ 7 ಸೆಕೆಂಡು ಕಂಡು ಬೀಳುವ ಚೀಟಿ, ಸಂಜೆ ಒಟ್ಟು ಓಟಿನ ಲೆಕ್ಕ ಬರೆದು ಏಜೆಂಟರ ಕೈಗೆ ಕೊಡುವ 17ಸಿ ನಮೂನೆ, ಹೀಗೆ ಒಂದೊಂದನ್ನೂ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಈ ಯಂತ್ರ ತಯಾರಾಗುವುದೂ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್‌ನಲ್ಲಿ. ಬೆರಳಿಗೆ ಹಚ್ಚುವ ಶಾಯಿ ಬರುವುದು ಮೈಸೂರಿನ ಬಣ್ಣದ ಕಾರ್ಖಾನೆಯಿಂದ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ ಎನ್ನುವಾಗ ಮೇಷ್ಟ್ರ ದನಿಯಲ್ಲಿ ಹಳೆಯ ಪಾಠದ ಉತ್ಸಾಹ.

“ಚಿಪ್ಪಿನ ಒಳಗೆ ಏನು ಬರೆದವ್ರೆ ಅಂತ ನೀವು ನೋಡಿದ್ದೀರಾ ಮೇಷ್ಟ್ರೇ?” ಆಟೊದವನು ಬಿಡುವುದಿಲ್ಲ.

“ಇಲ್ಲಪ್ಪ, ನೋಡಿಲ್ಲ.”

ಆ ಉತ್ತರಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ತಾವು ಕಂಡಿದ್ದೆಷ್ಟು, ಕಾಣದ್ದೆಷ್ಟು ಎಂಬ ಗೆರೆಯನ್ನು ಅವರು ಎಲ್ಲರೆದುರು ಎಳೆದರು. ಅನಂತರ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ, ಎಲ್ಲವನ್ನೂ ಎಣಿಸಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು, ಆ ತೀರ್ಪು ಬಂದದ್ದು ನಮ್ಮ ಚಿತ್ರದುರ್ಗ ಕ್ಷೇತ್ರ ಓಟು ಹಾಕುತ್ತಿದ್ದ ದಿನವೇ, 2024ರ ಏಪ್ರಿಲ್ 26 ಎಂದರು. ಆಟೊದವನು ಪೂರ್ತಿ ಒಪ್ಪಲಿಲ್ಲ. ವಿಡಿಯೊವನ್ನು ಮಾತ್ರ ಮುಂದಕ್ಕೆ ಕಳಿಸಲಿಲ್ಲ. ನಾಳೆ ಬೆಳಿಗ್ಗೆ ಅವನು ಇದೇ ಬೆಂಚಿನ ಮೇಲೆ, ಇದೇ ಮೇಷ್ಟ್ರ ಪಕ್ಕ ಕೂರಬೇಕು. ಮಾತಿಗೆ ಮುಖವಿದ್ದಾಗ ಅದರ ತೂಕವೇ ಬೇರೆ. ನಮ್ಮ ರಾಜಕೀಯದ ಮಾತು ಕಳೆದುಕೊಂಡಿರುವುದು ಈ ಪಕ್ಕದ ಜಾಗವನ್ನೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬಿಸಿಲು ಬೆಂಚಿನ ಕಾಲಿಗೆ ಬಂದಿದೆ. ಹಮಾಲರನ್ನು ಮಂಡಿಯಿಂದ ಕೂಗಿದ್ದಾರೆ, ಇನ್ನೊಂದು ಟೀಯನ್ನು ಇಬ್ಬರು ಹಂಚಿಕೊಂಡಿದ್ದಾರೆ. ತಾತ ಏಳುವ ಮೊದಲು ಮೇಷ್ಟ್ರನ್ನು ಕೇಳುತ್ತಾನೆ: ಮುಂದಿನ ಸಲ ಆ ಹೆಲಿಕಾಪ್ಟರ್ ಏಳೋ ದಿನ ಮೊದಲೇ ತಿಳಿಸಿದರೆ ಕುರೀನ ಬೇರೆ ಕಡೆ ಹೊಡ್ಕೊಂಡು ಹೋಗಬಹುದಲ್ಲ? ಮೇಷ್ಟ್ರು ಪೇಪರಿನ ಅಂಚಿನಲ್ಲೇ ಬರೆಯತೊಡಗುತ್ತಾರೆ. ಗ್ರಾಮ ಪಂಚಾಯಿತಿ ಬೋರ್ಡಿಗೆ ಮುಂಚಿತವಾಗಿ ನೋಟಿಸ್ ಹಚ್ಚಬೇಕು ಎಂಬುದು ಮೊದಲ ಸಾಲು. ಡ್ರೋನ್ ಬಿದ್ದು ಬೆಳೆ ಹಾಳಾದರೆ ಎಷ್ಟು ದಿನದೊಳಗೆ ಪರಿಹಾರ ಎಂಬುದನ್ನೂ ಕೇಳಿ ಎಂದು ಪಾವಗಡದವನು. ಕುದಾಪುರದ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರಲ್ಲ, ನಮ್ಮ ಹೈಕ್ಳಿಗೆ ಕೆಲಸದ ತರಬೇತಿಯನ್ನೂ ಸೇರಿಸಿ ಎಂದು ಅಕ್ಕ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಯಾರೂ ಓದುವುದಿಲ್ಲ ಎಂದು ಮೇಷ್ಟ್ರು ಪೆನ್ನು ನಿಲ್ಲಿಸುತ್ತಾರೆ. ಕಂಬಳಿಯ ಹಿರಿಯರಿಗೆ ಅದು ಸರಿಬೀಳುವುದಿಲ್ಲ. “ಮಳೆ ಬಿದ್ದ ಎರಡು ತಿಂಗಳಾದ್ರೂ ಗೇಟು ತೆಗೀರಿ ಅಂತ ಮೊದಲು ಬರೀರಿ ಮೇಷ್ಟ್ರೇ, ಮಿಕ್ಕಿದ್ದು ಆಮೇಲೆ” ಎಂದು ಅವರು ಪೇಪರನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ.