ಕೇಸ್ಲಾಪುರದ ಆಲದ ಮರಗಳ ಕೆಳಗೆ

ಪುಷ್ಯ ಮಾಸದ ಅಮಾವಾಸ್ಯೆ ಹತ್ತಿರವಾದಂತೆ ತೆಲಂಗಾಣದ ಹಳೇ ಅದಿಲಾಬಾದ್ ಜಿಲ್ಲೆಯ ದಾರಿಗಳಲ್ಲಿ ಬಿಳಿ ಧೋತರ, ಬಿಳಿ ರುಮಾಲಿನ ಜನ ಸಾಲುಗಟ್ಟಿ ಬರಿಗಾಲಲ್ಲಿ ನಡೆಯುತ್ತಾರೆ. ಇವರು ಮೇಸ್ರಾಂ ಕುಲದ ಗೊಂಡ ಆದಿವಾಸಿಗಳು. ಗೋದಾವರಿಯ ಹಸ್ತಿನ ಮಡುವಿನಿಂದ ಝಾರಿಯಲ್ಲಿ ನೀರು ತುಂಬಿಕೊಂಡು ಇಂದ್ರವೆಲ್ಲಿ ದಾಟಿ ಕೇಸ್ಲಾಪುರ ಸೇರುತ್ತಾರೆ. ಅಲ್ಲಿ ಅವರ ನಾಗದೇವರಾದ ನಾಗೋಬನ ಗುಡಿ ಇದೆ. ಗುಡಿಯ ಪಕ್ಕದ ದೊಡ್ಡ ಆಲದ ಮರಗಳ ಕೆಳಗೆ ಎತ್ತಿನ ಗಾಡಿಗಳ ನೊಗ ಇಳಿಯುತ್ತದೆ.

ಮರಗಳ ಬುಡದಲ್ಲಿ ಒಲೆಗಳು ಹೊತ್ತುತ್ತವೆ. ಕುಲದ ಮನೆಗಳು ಎಷ್ಟೇ ಹೆಚ್ಚಿರಲಿ, ಒಲೆ ಮಾತ್ರ 22. ಯಾವ ಮನೆಯವರು ಯಾವ ಒಲೆಗೆ ಸೇರಿದವರೆಂಬುದು ತಲೆಮಾರುಗಳ ಹಿಂದೆಯೇ ತೀರ್ಮಾನವಾಗಿದೆ. ಪೂಜೆಯ ಮಡಕೆಗಳು ಬರುವುದು ಸಿರಿಕೊಂಡದ ಕುಂಬಾರರಿಂದ, ಅದೂ ಹಿಂದಿನಿಂದ ಬಂದ ಕಟ್ಟುಪಾಡು. ಮನೆಮಗಳು ಹೊಸ ಮಡಕೆಯಲ್ಲಿ ನೀರು ತರುತ್ತಾಳೆ, ಅಳಿಯ ಮಣ್ಣು ತುಳಿಯುತ್ತಾನೆ, ಹುತ್ತ ಮತ್ತೆ ಏಳುತ್ತದೆ. ಒದ್ದೆ ಮಣ್ಣನ್ನು ಅಂಗೈಯಿಂದ ಸವರಿ ನುಣುಪು ಮಾಡುವಾಗ ಬಳೆಗಳಿಗೆಲ್ಲ ಕೆಸರು. ರಾತ್ರಿ ಹೊಸ ಸೊಸೆಯರ ಸರದಿ. ಬಿಳಿ ಸೀರೆಯ ಸೆರಗನ್ನು ಮುಖದ ಮೇಲೆ ಇಳಿಬಿಟ್ಟುಕೊಂಡು ಸಾಲಾಗಿ ಬಂದು ದೇವರಿಗೆ ಪರಿಚಯವಾಗುತ್ತಾರೆ. ಈ 'ಭೇಟಿ' ಆಗದ ಸೊಸೆಗೆ ಕುಲದ ಪೂಜೆಯಲ್ಲಿ ಪಾಲಿಲ್ಲ. ಪ್ರಧಾನ್ ಸಮುದಾಯದ ಗಾಯಕರು ಕಿಕ್ರಿ ವಾದ್ಯದ ತಂತಿಗಳ ಮೇಲೆ ಕಮಾನು ಎಳೆಯುತ್ತ ಕುಲದ ಕತೆ ಹಾಡುತ್ತಾರೆ. ಗೊಂಡರ ಇತಿಹಾಸ ಬಹುಪಾಲು ಉಳಿದದ್ದು ಈ ಹಾಡುಗಾರರ ನೆನಪಿನಲ್ಲಿ.

ಇಷ್ಟು ಅಚ್ಚುಕಟ್ಟಾಗಿ ಬಾಳುತ್ತಿದ್ದ ಜನರ ನೆಲ ಹೈದರಾಬಾದಿನಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಖಾಲಿ ಜಾಗವಾಗಿ ಕಂಡಿತು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ನಿಜಾಮ್ ಸರ್ಕಾರ ಕಾಡನ್ನು ಮೀಸಲು ಅರಣ್ಯವೆಂದು ಗುರುತಿಸುತ್ತ ಹೋಯಿತು. ಕುಮರಿ ಬೇಸಾಯ ಅಪರಾಧವಾಯಿತು. ರಸ್ತೆ, ರೈಲು ಬಂದವು. ಅವುಗಳ ಹಿಂದೆಯೇ ಬಯಲುಸೀಮೆಯ ರೈತರು, ಸಾಹುಕಾರರು, ವಕೀಲರು ಬಂದರು. ಉಳುವವನದೇ ಹೊಲ ಎಂದುಕೊಂಡಿದ್ದ ಗೊಂಡನಿಗೆ ಪಟ್ಟಾ ಮಾಡಿಸಿಕೊಳ್ಳಬೇಕೆಂಬುದು ಗೊತ್ತಿರಲಿಲ್ಲ. ಗೊತ್ತಿದ್ದವರು ಅವನ ಹೊಲವನ್ನು ತಮ್ಮ ಹೆಸರಿಗೆ ಬರೆಸಿಕೊಂಡರು.

ಗೊಂಡರ ನಾಯಕ ಕುಮ್ರಂ ಭೀಮ್ ಎದ್ದು ನಿಂತದ್ದು ಈ ಅನ್ಯಾಯದ ಎದುರು. 'ಆರ್‌ಆರ್‌ಆರ್' ಸಿನಿಮಾದ ಭೀಮ ಕಲ್ಪನೆಯವನು. ನಿಜವಾದ ಭೀಮ್ ತನ್ನವರ ಊರುಗಳಿಗೆ ನೀರು, ಕಾಡು, ನೆಲದ ಹಕ್ಕು ಕೇಳಿ 1940ರಲ್ಲಿ ಜೋಡೆಘಾಟ್ ಬೆಟ್ಟದಲ್ಲಿ ನಿಜಾಮರ ಪೊಲೀಸರ ಗುಂಡಿಗೆ ಬಿದ್ದ.

ಇದಕ್ಕೆ ಕೆಲವು ದಶಕಗಳ ಮೊದಲೇ ಸಮುದ್ರದಾಚೆಯೂ ಇಂಥದ್ದೇ ನಡೆದಿತ್ತು. 1869ರಲ್ಲಿ ಜಪಾನ್ ಸರ್ಕಾರ ಐನು ಜನರ ನಾಡಿಗೆ ಹೊಕ್ಕೈಡೊ ಎಂದು ಹೆಸರಿಟ್ಟು ವಲಸಿಗರನ್ನು ತುಂಬಿಸಿತು. ಅವರ ಸಾಲ್ಮನ್ ಮೀನುಗಾರಿಕೆಗೂ ಜಿಂಕೆ ಬೇಟೆಗೂ ತಡೆ ಬಿತ್ತು. 1899ರ ಕಾನೂನು 'ರಕ್ಷಣೆ'ಯ ಹೆಸರಿನಲ್ಲಿ ಅವರಿಗೆ ತುಂಡು ಭೂಮಿ ಕೊಟ್ಟು ಬೇಸಾಯಕ್ಕೆ ಹಚ್ಚಿತು. ಐನುಗಳನ್ನು ಮೂಲನಿವಾಸಿಗಳೆಂದು ಒಪ್ಪಿದ ಕಾನೂನು ಬರಲು 2019ರವರೆಗೆ ಕಾಯಬೇಕಾಯಿತು.

ಜೋಡೆಘಾಟಿನ ನಂತರ ನಿಜಾಮ್ ಸರ್ಕಾರ ಆಸ್ಟ್ರಿಯಾದ ಮಾನವಶಾಸ್ತ್ರಜ್ಞ ಹೈಮನ್‌ಡಾರ್ಫ್ ಅವರನ್ನು ಗೊಂಡರ ಸ್ಥಿತಿ ಅರಿಯಲು ಕಳಿಸಿತು. ಅವರು ಮಾರ್ಲವಾಯಿ ಎಂಬ ಹಳ್ಳಿಯಲ್ಲೇ ಬೀಡುಬಿಟ್ಟರು. 1943ರಲ್ಲಿ ಅಲ್ಲಿ ಶಿಕ್ಷಕರ ತರಬೇತಿ ಶುರುವಾಯಿತು. ಮಕ್ಕಳಿಗೆ ಮೊದಲ ಪಾಠ ಗೋಂಡಿಯಲ್ಲೇ, ಕನ್ನಡದ ದ್ರಾವಿಡ ಬಳಗದ ಭಾಷೆಯಲ್ಲಿ. 1949ರ ಹೊತ್ತಿಗೆ ಸುಮಾರು 11 ಸಾವಿರ ಆದಿವಾಸಿ ಕುಟುಂಬಗಳಿಗೆ 1.6 ಲಕ್ಷ ಎಕರೆ ಭೂಮಿ ಸಿಕ್ಕಿತು. ಬಂಡಾಯ ಅಡಗಿಸಿದ ಸರ್ಕಾರವೇ ಮಾಡಿದ ಈ ಕೆಲಸ ದೊಡ್ಡದೆಂದು ಒಪ್ಪಲೇಬೇಕು. ಆದರೆ ಅದರ ಫಲ ಉಳಿಯಲಿಲ್ಲ. ಮತ್ತೆ ವಲಸೆ, ಮತ್ತೆ ಸಾಲ, ಮತ್ತೆ ಕೈಬಿಟ್ಟ ಹೊಲ. 1981ರ ಏಪ್ರಿಲ್ 20ರಂದು ಭೂಮಿಯ ಹಕ್ಕಿಗಾಗಿ ಇಂದ್ರವೆಲ್ಲಿಯಲ್ಲಿ ಸೇರಲು ಬಂದ ಗೊಂಡರ ಮೇಲೆ ಗೋಲಿಬಾರ್ ಆಯಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 13. ಈ ಸಲ ಆಳುತ್ತಿದ್ದದ್ದು ನಿಜಾಮರಲ್ಲ, ನಾವೇ ಆರಿಸಿದ ಸರ್ಕಾರ. ಝಾರಿ ಹೊತ್ತ ಸಾಲು ಪ್ರತಿವರ್ಷ ಹಾದುಹೋಗುವುದು ಅದೇ ಊರಿನ ಮೇಲೆ.

ಹೈಮನ್‌ಡಾರ್ಫ್ ಕಾಲದಲ್ಲಿ ಶುರುವಾದ ದರ್ಬಾರ್ ಇಂದಿಗೂ ಕೇಸ್ಲಾಪುರದ ನಾಗೋಬನ ಜಾತ್ರೆಯಲ್ಲಿ ನಡೆಯುತ್ತದೆ. ಅಧಿಕಾರಿಗಳು ವೇದಿಕೆಯಲ್ಲಿ ಕೂರುತ್ತಾರೆ, ಜನ ಅರ್ಜಿ ಹಿಡಿದು ಬರುತ್ತಾರೆ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ; ಉಳುವ ನೆಲಕ್ಕೆ ಪಟ್ಟಾ ಕೇಳುವುದು ನಿಂತಿಲ್ಲ. ದೇವರಿಗಾಗಿ ಮಾತ್ರ ಮೇಸ್ರಾಂ ಮನೆಗಳು ಯಾರ ಮುಂದೆಯೂ ಕೈಚಾಚಲಿಲ್ಲ. ತಾವೇ ವಂತಿಗೆ ಹಾಕಿ ಕಟ್ಟಿಸಿದ ಕಲ್ಲಿನ ಗುಡಿ 2022ರಲ್ಲಿ ಪೂರ್ತಿಯಾಯಿತು.

ಅದೇ ವರ್ಷ ಸೆಪ್ಟೆಂಬರ್ 17ರಂದು ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಕುಮ್ರಂ ಭೀಮ್ ಹೆಸರಿನ ಆದಿವಾಸಿ ಭವನ ತೆರೆಯಿತು. ಆ ದಿನ ನಮಗೂ ಗೊತ್ತಿರುವ ದಿನವೇ. ನಿಜಾಮರ ಆಳ್ವಿಕೆ ಮುಗಿದದ್ದಕ್ಕಾಗಿ ಬೀದರ್, ಕಲಬುರಗಿ, ರಾಯಚೂರಿನಲ್ಲಿ ಅಂದು ಧ್ವಜ ಹಾರಿಸುತ್ತೇವೆ. ಗೊಂಡರೂ ನಾವೂ ಒಂದೇ ಸಂಸ್ಥಾನದ ಪ್ರಜೆಗಳಾಗಿದ್ದವರು. ನಮ್ಮ ಶಾಲೆಗಳಲ್ಲಿ ಆ ದಿನದ ಪಾಠ ಹೇಳುವ ಮೇಷ್ಟ್ರುಗಳು ಜೋಡೆಘಾಟಿನ ಹೆಸರನ್ನೂ ಸೇರಿಸಿ ಹೇಳಲಿ.